ಲೈಬ್ರರಿ ಸೈನ್ಸ್ ಓದೂದು ಹ್ಯಾಂಗ, ಓದಿದ ಮ್ಯಾಲ ನೌಕರಿ ಹಿಡಿಯೂದು ಹ್ಯಾಂಗ: ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರಿಗೆ

ಡಿಗ್ರಿ ಮುಗೀತು, ಬಿ.ಎಡ್ ಸೀಟು ಸಿಗಲಿಲ್ಲ, ಹಂಗಾರ ಬಿ.ಲಿಬ್ (ಲೈಬ್ರರಿ ಸೈನ್ಸ್ ಡಿಗ್ರಿ) ಮಾಡಪಾ ಅಂತ ಹೇಳೋರು ನಮ್ಮ ಕಡೆ ಊರಿಗೆ ಇಬ್ರಾದ್ರೂ ಇರ್ತಾರ. ಯಾಕಪಾ ಅಂತ ಕೇಳಿದ್ರ ಆರಾಮ್ ನೌಕರಿ, ಫ್ಯಾನಿನ ಕೆಳಗ ಕುಂತು ಪೇಪರ್ ಓದೂದು, ಯಾರರ ಬಂದ್ರ ಪುಸ್ತಕ ಕೊಡೂದು, ಸಂಜೀಕ ಕೀಲಿ ಹಾಕ್ಕೊಂಡು ಮನಿಗೆ ಹೋಗೂದು ಅಂತಾರ. ಈ ಕಾರಣಕ್ಕ ಬರೂದಿದ್ರ ದಯವಿಟ್ಟು ಬರಬ್ಯಾಡ್ರಿ, ಆ ನೌಕರಿ ಈಗ ಎಲ್ಲೂ ಉಳದಿಲ್ಲ. ನಾನು ಬಾಗಲಕೋಟೆ ಜಿಲ್ಲಾದಾಗ ಒಂದು ಡಿಗ್ರಿ ಕಾಲೇಜಿನ ಲೈಬ್ರರಿ ನೋಡ್ಕೊಳ್ಳಾಕತ್ತೀನಿ, ಫೈನಲ್ ಇಯರ್ ಹುಡುಗ್ರು ರಿಸಲ್ಟ್ ಬಂದ ಕೂಡಲೇ ಬಂದು ಅದೇ ಅದೇ ಕೇಳ್ತಾರ, ಸರ್ ಎಲ್ಲಿ ಮಾಡ್ಬೇಕ್ರಿ, ಎಷ್ಟು ವರ್ಷ ಐತ್ರಿ, ಸ್ಕೋಪ್ ಐತೇನ್ರಿ. ಎಲ್ಲಾರಿಗೂ ನಿಂತು ನಿಂತು ಹೇಳೂದಕ್ಕಿಂತ ಒಂದೇ ಕಡೆ ಬರದಿಟ್ರ ಛಲೋ ಅಂತ ಇಲ್ಲಿ ಬರ್ಯಾಕತ್ತೀನಿ, ಸ್ವಲ್ಪ ಉದ್ದ ಐತಿ, ಪುರಸೊತ್ತಿದ್ದಾಗ ಓದ್ರಿ.

ಫೀ ತುಂಬೂಕಿಂತ ಮೊದಲು

ನಾ ಮೊದಲು ಹೇಳೂದು ಕಾಲೇಜಿನ ಹೆಸರಲ್ಲ. ನಿಮ್ಮ ಊರಿನ ಗ್ರಾಮ ಪಂಚಾಯಿತಿ ಲೈಬ್ರರಿಗೆ ಹೋಗ್ರಿ, ಈಗ ಅದಕ್ಕ ಅರಿವು ಕೇಂದ್ರ ಅಂತಾರ. 2019ರತನಕ ಇವು ಸಾರ್ವಜನಿಕ ಗ್ರಂಥಾಲಯ ಇಲಾಖೆ ಕೈಯಾಗಿದ್ದು, ಆಮ್ಯಾಲ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದುವು. ಅಲ್ಲಿರೂ ಮೇಲ್ವಿಚಾರಕರಿಗೆ ಅಣ್ಣಾರ, ಅಕ್ಕಾರ, ನಾ ಲೈಬ್ರರಿ ಸೈನ್ಸ್ ಓದ್ಬೇಕು ಅಂತೀನಿ, ಒಂದು ಕಪಾಟು ನನಗ ಬಿಟ್ಟುಕೊಡ್ರಿ, ಒಂದು ವಾರ ಸಾಲಾಗಿ ಹೊಂದಿಸಿ ಕೊಡ್ತೀನಿ ಅಂತ ಕೇಳ್ರಿ. ಬಹಳ ಮಂದಿ ಖುಷಿಯಿಂದ ಹೂಂ ಅಂತಾರ, ಯಾಕಂದ್ರ ಅವರಿಗೆ ಒಬ್ಬರ ಕೈಲೇ ಎಲ್ಲಾ ಆಗೂದಿಲ್ಲ. ಆ ಒಂದು ಕಪಾಟಿನ ಕೆಲಸ ನಿಮಗ ಹಿಡಿಸ್ತೋ ಇಲ್ಲೋ ಅನ್ನೂದರ ಮ್ಯಾಲ ಅಡ್ಮಿಷನ್ ಮಾಡ್ಸೂದೋ ಬ್ಯಾಡೋ ನಿರ್ಧಾರ ಮಾಡ್ರಿ. ಧೂಳು ಆಗಿಬರಲ್ಲ, ಒಂದೇ ತರದ ಕೆಲಸ ಬ್ಯಾಸರ ಆಗ್ತೈತಿ, ಪುಸ್ತಕ ತೆಗೆದು ನೋಡೂ ಹುಕಿನೇ ಇಲ್ಲ ಅಂದ್ರ ಅಲ್ಲೇ ಗೊತ್ತಾಗಿಬಿಡ್ತೈತಿ, ಫೀ ರೊಕ್ಕನೂ ಉಳೀತೈತಿ ಒಂದು ವರ್ಷನೂ ಉಳೀತೈತಿ.

ಈಗ ಆ ಕಪಾಟಿನ ಮುಂದ ಕುಂತ್ರಿ ಅಂತ ಇಟ್ಕೊಳ್ರಿ. ಮೊದಲು ಎಲ್ಲಾ ಪುಸ್ತಕ ಹೊರಗ ತೆಗದು, ಒಣ ಬಟ್ಟೀಲೆ ಒರಸಿ, ಗೆದ್ದಲು ಹತ್ತಿದ್ದು, ಬೆಳ್ಳಿಹುಳ ತಿಂದದ್ದು ಬ್ಯಾರೆ ಇಡ್ರಿ. ಒದ್ದಿ ಬಟ್ಟಿ ಹಚ್ಚಬ್ಯಾಡ್ರಿ, ಬಿಸಲಾಗನೂ ಹರವಬ್ಯಾಡ್ರಿ, ನಮ್ಮ ಕಡೆ ಬ್ಯಾಸಿಗಿ ಬಿಸಲಿಗೆ ಕಾಗದ ಹಪ್ಪಳದಂಗ ಆಗ್ತೈತಿ. ಕಪಾಟು ಗ್ವಾಡಿಗೆ ಹತ್ತಿ ನಿಂತಿದ್ರ ನಾಕು ಬಟ್ಟು ಮುಂದ ಸರಸ್ರಿ, ಮಳಿಗಾಲದಾಗ ಥಂಡಿ ಏರೂದು ಗ್ವಾಡಿಯಿಂದನ.

ಆಮ್ಯಾಲ ಅಕ್ಸೆಷನ್ ರಿಜಿಸ್ಟರ್, ಕನ್ನಡದಾಗ ಪರಿಗ್ರಹಣ ವಹಿ ಅಂತ ಬರೀತಾರ. ಇದು ಲೈಬ್ರರಿಯ ಉತಾರಿ ಇದ್ದಂಗ, ಇದರಾಗ ಹೆಸರು ಇಲ್ಲಾ ಅಂದ್ರ ಪುಸ್ತಕ ಲೈಬ್ರರಿದು ಅಲ್ಲವೇ ಅಲ್ಲ. ಒಂದೊಂದು ಪ್ರತಿಗೂ ಒಂದೊಂದು ನಂಬರು, ಒಂದೇ ಪುಸ್ತಕದ ಐದು ಪ್ರತಿ ಬಂದ್ರ ಐದು ನಂಬರು, ಇಲ್ಲಿ ಹೊಸಬರು ಎಲ್ಲಾರೂ ಒಂದ್ಸಲ ಎಡವೇ ಎಡವ್ತಾರ. ತಾರೀಖು, ನಂಬರು, ಲೇಖಕರು, ಪುಸ್ತಕದ ಹೆಸರು, ಆವೃತ್ತಿ, ಪ್ರಕಾಶಕರು, ಊರು, ವರ್ಷ, ಪುಟ, ಯಾರ ಕಡೆಯಿಂದ ಬಂತು, ಬಿಲ್ ನಂಬರು, ಬೆಲೆ, ಕೊನಿಗೆ ಷರಾ. ಷರಾ ಕಾಲಂ ಅಗಲ ಇಡ್ರಿ, ಕಳದು ಹೋತು, ಹರದು ಹೋತು, ರದ್ದು ಮಾಡಿದ್ವಿ ಅನ್ನೂದೆಲ್ಲಾ ಮುಂದ ಅಲ್ಲೇ ಬರೀಬೇಕು. ಪುಸ್ತಕದಾಗ ನಂಬರ್ ಬರಿಯೂದು ಶೀರ್ಷಿಕೆ ಪುಟದ ಹಿಂದ, ಮತ್ತೊಂದು ಕಡೆ ಸೀಕ್ರೆಟ್ ಪೇಜ್ ಅಂತ ಒಂದು ಪುಟ ಗೊತ್ತು ಮಾಡಿಟ್ಟು ಎಲ್ಲಾ ಪುಸ್ತಕದಾಗೂ ಅದೇ ಪುಟದ ಮ್ಯಾಲ ಬರೀತೀವಿ. ಯಾವ ಪುಟ ಅಂತ ಓದುಗರಿಗೆ ಹೇಳೂದಿಲ್ಲ. ಮೊದಲನೇ ಹಾಳಿ ಹರದು ಇದು ನಂದೇ ಪುಸ್ತಕ ಅಂದವನ ಎದುರಿಗೆ ಆ ಪುಟ ತೆಗದು ತೋರಿಸೂದರಾಗ ಒಂದು ಮಜಾ ಐತಿ ನೋಡ್ರಿ. ಪೇಪರ್, ವಾರಪತ್ರಿಕೆ ಇದರಾಗ ಬರೂದಿಲ್ಲ, ಅವಕ್ಕ ಬ್ಯಾರೆ ರಿಜಿಸ್ಟರು, ವರ್ಷದ ಸಂಚಿಕೆ ಸೇರಿಸಿ ಬೈಂಡ್ ಮಾಡ್ಸಿದ್ರ ಅಷ್ಟ ನಂಬರು ಕೊಡೂದು.

ಕಬ್ಬು ಎಲ್ಲಿ ಇಡ್ತೀರಿ?

ಈಗ ಬಂತು ಅಸಲಿ ಕೆಲಸ, ವರ್ಗೀಕರಣ, ಅಂದ್ರ ಪುಸ್ತಕ ಯಾವ ವಿಷಯದ್ದು ಅಂತ ನೋಡಿ ಅದಕ್ಕ ನಂಬರ್ ಹಾಕೂದು. ನಮ್ಮ ದೇಶದಾಗ ಬಹುತೇಕ ಲೈಬ್ರರಿ ನಡಿಯೂದು ಡ್ಯೂಯಿ ದಶಮಾಂಶ ಪದ್ಧತಿ ಮ್ಯಾಲ, ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಾಗ ಮಾಡಿದ್ದು. ಜಗತ್ತಿನ ವಿಷಯ ಎಲ್ಲಾ ಹತ್ತು ಪಾಲು ಮಾಡ್ಯಾನ. 000 ಸಾಮಾನ್ಯ, ಕಂಪ್ಯೂಟರೂ ಇಲ್ಲೇ, 100 ತತ್ವಶಾಸ್ತ್ರ, 200 ಧರ್ಮ, 300 ಸಮಾಜ ವಿಜ್ಞಾನ, 400 ಭಾಷೆ, 500 ವಿಜ್ಞಾನ, 600 ತಂತ್ರಜ್ಞಾನ ಅಂದ್ರ ವೈದ್ಯಕೀಯ ಒಕ್ಕಲುತನ ಅಡಗಿ ಎಲ್ಲಾ, 700 ಕಲೆ ಮತ್ತು ಆಟ, 800 ಸಾಹಿತ್ಯ, 900 ಇತಿಹಾಸ ಭೂಗೋಳ. ಬಾಯಿಪಾಠ ಮಾಡೂದು ಒಂದು ಸಂಜಿ ಕೆಲಸ. ಆದ್ರ ಬಾಯಿಪಾಠದಾಗ ಏನೂ ಇಲ್ಲ.

ಮುಧೋಳ, ಅಥಣಿ, ಗೋಕಾಕ ಕಡೆಯವರು ನೀವಾದ್ರ ಕಬ್ಬಿನ ಪುಸ್ತಕ ಮುಂದಿಟ್ಕೊಳ್ರಿ. ಕಬ್ಬು ಬೆಳಿಯೂದು ಹ್ಯಾಂಗ ಅನ್ನೂ ಪುಸ್ತಕ 633.61ಕ್ಕ ಹೋಗ್ತೈತಿ. ಕಬ್ಬಿನಿಂದ ಸಕ್ಕರಿ ತೆಗಿಯೂದು, ಫ್ಯಾಕ್ಟರಿ ಕೆಲಸ ಅಂದ್ರ 664.1. ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದ ಕಥಿ ಆದ್ರ ಸಹಕಾರ ಅಂತ 334. ಕಬ್ಬಿನ ರೇಟು, ಬಾಕಿ ಬಿಲ್ಲು, ರೈತನ ಲೆಕ್ಕಾಚಾರ ಅಂದ್ರ ಕೃಷಿ ಅರ್ಥಶಾಸ್ತ್ರ, 338.1. ಸಕ್ಕರಿ ಕಾಯಿಲೆ ಅಂತ ಪುಸ್ತಕ ಬಂದ್ರ ಅದು 616.462, ಆಸ್ಪತ್ರಿ ಸಾಲಿಗೆ. ಐದಕ್ಕೂ ಮುಖಪುಟದ ಮ್ಯಾಲ ಕಬ್ಬು ಇಲ್ಲಾ ಸಕ್ಕರಿ ಅಂತ ಇರಬಹುದು, ಹೆಸರು ನೋಡಿ ಇಟ್ರಿ ಅಂದ್ರ ಕೆಟ್ರಿ. ಅದಕ್ಕ ಪುಸ್ತಕ ಕೈಯಾಗ ಬಂದ ಕೂಡಲೇ ಹೆಸರು ಬಿಟ್ಟು ಪರಿವಿಡಿ ತೆಗೀಬೇಕು, ಮುನ್ನುಡಿ ನೋಡ್ಬೇಕು, ಇದನ್ನ ಯಾರು ಹುಡಿಕ್ಕೊಂಡು ಬರ್ತಾರ ಅಂತ ಕೇಳ್ಕೋಬೇಕು, ಒಕ್ಕಲಿಗನೋ, ಫ್ಯಾಕ್ಟರಿ ಕೆಮಿಸ್ಟನೋ, ಬಿ.ಕಾಂ ಹುಡುಗನೋ, ಡಯಾಬಿಟಿಸ್ ಇರೂ ಅಜ್ಜನೋ. ನನ್ನ ಕೇಳಿದ್ರ ಈ ಇಡೀ ವಿದ್ಯೆಯೊಳಗ ಕಲೀಬೇಕಾದ್ದು ಇದೊಂದೇ, ಉಳದದ್ದೆಲ್ಲಾ ಇದರ ಹಿಂದ ಬರ್ತೈತಿ.

ಹಿಂಗೇ ವಿಜಯಪುರದವರು ದ್ರಾಕ್ಷಿಗೆ 634.8, ಬಾಗಲಕೋಟೆಯವರು ದಾಳಿಂಬರಿಗೆ 634.64, ಎಲ್ಲಾರೂ ಬಿಳಿಜ್ವಾಳಕ್ಕ 633.174 ಹಾಕಿ ನೋಡ್ರಿ. ಗೋಳಗುಮ್ಮಟದ ಪುಸ್ತಕ ಇದ್ರ ಇನ್ನೂ ಛಂದ, ಕಟ್ಟಡದ ಬಗ್ಗೆ ಅಂದ್ರ 720ರ ಸಾಲಿಗೆ, ಆದಿಲ್‌ಶಾಹಿ ಇತಿಹಾಸ ಅಂದ್ರ 954.87, ಟೂರಿಸ್ಟ್ ಗೈಡ್ ಅಂದ್ರ 915.487. ಕುಸ್ತಿ ಪುಸ್ತಕ 796.812, ಇದು ನಮ್ಮ ಕಡೆ ಹುಡುಗ್ರು ಮೊದಲು ಕೇಳೂ ಪುಸ್ತಕ, ನೆನಪಿಟ್ಕೊಳ್ರಿ. ಕನ್ನಡ ಸಾಹಿತ್ಯಕ್ಕ 894.814, ಅದರ ಕೊನಿಗೆ 1 ಹಾಕಿದ್ರ ಕವಿತಾ, 2 ನಾಟಕ, 3 ಕಥಿ ಕಾದಂಬರಿ.

ಡ್ಯೂಯಿ ಪುಸ್ತಕ ತುಟ್ಟಿ, ವೆಬ್ ಆವೃತ್ತಿಗೂ ರೊಕ್ಕ ಕೊಡಬೇಕು. ಪುಕ್ಕಟ ದಾರಿ ಅಂದ್ರ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಆನ್‌ಲೈನ್ ಕ್ಯಾಟಲಾಗ್. ಅವರದು ದಿಲ್ಲಿಯಾಗ ಆಫೀಸ್ ಐತಿ, ಕನ್ನಡ ಪುಸ್ತಕನೂ ಕೊಂಡು ಕಳಸ್ತಾರ, ಹಂಗಾಗಿ ನಮ್ಮ ಪುಸ್ತಕದ ದಾಖಲೆನೂ ಅಲ್ಲಿ ಸಿಗ್ತಾವು, ಹೆಸರು ಮಾತ್ರ ಇಂಗ್ಲಿಷ್ ಲಿಪಿಯಾಗ ಹಾಕಿ ಹುಡುಕಬೇಕು. ದಾಖಲೆ ತೆಗದು ಮಾರ್ಕ್ (MARC, ಕಂಪ್ಯೂಟರಿಗೆ ತಿಳಿಯೂಹಂಗ ಸಾಲು ಸಾಲಾಗಿ ನಂಬರ್ ಹಾಕಿ ಬರದ ದಾಖಲೆ) ಅನ್ನೂದು ಒತ್ತಿದ್ರ 082 ಅನ್ನೂ ಸಾಲಿನಾಗ ಡ್ಯೂಯಿ ನಂಬರ್ ಇದ್ರ ಕಾಣಸ್ತೈತಿ. ಮೊದಲು ನೀವು ನಂಬರ್ ಹಾಕ್ರಿ, ಆಮ್ಯಾಲ ಅವರದು ನೋಡ್ರಿ. ಮೊದಲೇ ನೋಡಿದ್ರ ಕಲ್ಯೂದಿಲ್ಲ.

ಒಂದು ಜಗಳ ಮೊದಲೇ ಹೇಳ್ತೀನಿ, ನಮ್ಮ ಕಡೆ ಲೈಬ್ರರಿಯಾಗ ಇದು ಬಂದೇ ಬರ್ತೈತಿ. ವಚನದ ಪುಸ್ತಕ ಧರ್ಮಕ್ಕೋ ಸಾಹಿತ್ಯಕ್ಕೋ? 294.5ರ ಕಡೆ ಇಟ್ಟವರೂ ಅದಾರ, 894.8141ರಾಗ ಇಟ್ಟವರೂ ಅದಾರ, ಎರಡಕ್ಕೂ ಕಾರಣ ಐತಿ. ಯಾವುದು ಸರಿ ಅಂತ ವಾದ ಮಾಡೂದಕ್ಕಿಂತ ಒಂದು ನಿರ್ಧಾರ ಮಾಡಿ, ಒಂದು ನೋಟ್‌ಬುಕ್ಕಿನಾಗ ಬರದು, ನಿಮ್ಮ ಹಿಂದ ಬಂದವರಿಗೂ ಕಾಣೂಹಂಗ ಇಡ್ರಿ. ಅರ್ಧ ಇಲ್ಲಿ ಅರ್ಧ ಅಲ್ಲಿ ಆತು ಅಂದ್ರ ಮಾತ್ರ ದೇವರೇ ಗತಿ. ವಿಜಯಪುರದಾಗಂತೂ ಇದು ಸಣ್ಣ ಮಾತಲ್ಲ, ಫ. ಗು. ಹಳಕಟ್ಟಿಯವರು ತಾಳೆಗರಿ ಕೂಡಿಸಿ ಕೂಡಿಸಿ ವಚನ ಅಚ್ಚು ಹಾಕಿಸಿದ ಊರು ಅದು.

ಹೆಸರು ಬರಿಯೂ ತ್ರಾಸು

ಹಳಕಟ್ಟಿ ಅಂದಕೂಡಲೇ ಕ್ಯಾಟಲಾಗಿಂಗ್ ನೆನಪಾತು. ನಂಬರ್ ಹಾಕೂದು ಒಂದು ಭಾಗ, ಪುಸ್ತಕದ ಮೈ ವಿವರ ಬರಿಯೂದು ಇನ್ನೊಂದು ಭಾಗ. ಉತ್ತರ ಕರ್ನಾಟಕದವರ ಹೆಸರಿನಾಗ ಅಡ್ಡಹೆಸರು ಕೊನಿಗೆ ಬರ್ತೈತಿ, ಅದಕ್ಕ ಹಳಕಟ್ಟಿ, ಫ. ಗು. ಅಂತ ಅಡ್ಡಹೆಸರು ಮುಂದ ತಂದು ಬರೀಬೇಕು. ಮೈಸೂರು ಕಡೆಯವರ ಹೆಸರು ನೋಡ್ರಿ, ಮೊದಲು ಊರು ಅಪ್ಪನ ಹೆಸರಿನ ಇನಿಷಿಯಲ್, ಕೊನಿಗೆ ಅವರ ಸ್ವಂತ ಹೆಸರು, ಅಡ್ಡಹೆಸರೇ ಇರೂದಿಲ್ಲ. ಸಾಫ್ಟ್‌ವೇರಿನಾಗ ಎರಡಕ್ಕೂ ಒಂದೇ ನಿಯಮ ಹಚ್ಚಿದ್ರ ಪಟ್ಟಿ ಕಲಸುಮೇಲೋಗರ. ಕಾವ್ಯನಾಮ ಇನ್ನೊಂದು ಕಥಿ, ಅಂಬಿಕಾತನಯದತ್ತ ಅಂತ ಹುಡುಕಿದವರಿಗೂ ಬೇಂದ್ರೆ ಅಂತ ಹುಡುಕಿದವರಿಗೂ ಅದೇ ಪುಸ್ತಕ ಸಿಗಬೇಕು, ಒಂದನ್ನ ಮುಖ್ಯ ಮಾಡಿ ಇನ್ನೊಂದರಿಂದ ಇಲ್ಲಿ ನೋಡಿ ಅಂತ ದಾರಿ ಹಾಕ್ತೀವಿ.

ಊರಿನ ಹೆಸರಿಗೂ ಇದೇ. 2014ರ ನವೆಂಬರ್ 1ಕ್ಕ ಬಿಜಾಪುರ ಹೋಗಿ ವಿಜಯಪುರ ಆತು, ಬೆಳಗಾಂ ಹೋಗಿ ಬೆಳಗಾವಿ ಆತು. ಹಳೇ ಗ್ಯಾಜೆಟಿಯರ್, ಹಳೇ ಥೀಸಿಸ್ ಎಲ್ಲಾ ಬಿಜಾಪುರ ಅಂತನ ಅದಾವು, ಹೊಸ ಹುಡುಗ ವಿಜಯಪುರ ಅಂತ ಟೈಪ್ ಮಾಡ್ತಾನ, ಏನೂ ಬರೂದಿಲ್ಲ, ಪುಸ್ತಕ ಇಲ್ಲ ಅಂತ ಹೋಗಿಬಿಡ್ತಾನ. ಪುಸ್ತಕ ಅಲ್ಲೇ ಕಪಾಟಿನಾಗ ಕುಂತಿರ್ತೈತಿ. ಇಂಥಾದ್ದು ಕಂಡಾಗ ನಿಮಗ ಹೊಟ್ಟಿ ಉರಿದ್ರ ನೀವು ಈ ಕೆಲಸಕ್ಕ ತಕ್ಕವರು, ಹೋಗಿ ಅಡ್ಮಿಷನ್ ಮಾಡ್ಸ್ರಿ.

ಎಲ್ಲಿ, ಎಷ್ಟು ವರ್ಷ

ಯಾವ ಡಿಗ್ರಿ ಆದ್ರೂ ನಡೀತೈತಿ, ಬಿ.ಎ, ಬಿ.ಎಸ್ಸಿ, ಬಿ.ಕಾಂ, ಬಿಸಿಎ. ಹಳೇ ಕ್ರಮ ಅಂದ್ರ ಡಿಗ್ರಿ ಆದ ಮ್ಯಾಲ ಒಂದು ವರ್ಷ ಬಿ.ಲಿಬ್, ಆಮ್ಯಾಲ ಒಂದು ವರ್ಷ ಎಂ.ಲಿಬ್. ಈಗ ಬಹಳ ಕಡೆ ಎರಡೂ ಕೂಡಿಸಿ ಎರಡು ವರ್ಷದ ಎಂ.ಲಿಬ್ ಮಾಡ್ಯಾರ. ನಮ್ಮ ಭಾಗದಾಗ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಾಗ ವಿಭಾಗ ಐತಿ, ಹುಡುಗ್ಯಾರಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಐತಿ, ಸ್ವಲ್ಪ ದೂರ ಹೋಗ್ತೀನಿ ಅಂದ್ರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಳೇ ವಿಭಾಗ. ನೌಕರಿ ಮಾಡ್ಕೋತ ಓದೋರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇಲ್ಲಾ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ), ಇಗ್ನೋದ ಪ್ರಾದೇಶಿಕ ಕೇಂದ್ರ ವಿಜಯಪುರದಾಗನ ಐತಿ. ದೂರಶಿಕ್ಷಣಕ್ಕ ಹೋಗೂದಾದ್ರ ಒಂದು ಎಚ್ಚರ, ಆ ವರ್ಷಕ್ಕ ಆ ಕೋರ್ಸಿಗೆ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ದೂರಶಿಕ್ಷಣ ಬ್ಯೂರೋ ಮಾನ್ಯತೆ ಐತೋ ಇಲ್ಲೋ ಅವರ ವೆಬ್‌ಸೈಟಿನಾಗ ನೋಡ್ರಿ. ಪರೀಕ್ಷಾಕ್ಕ ಬರೂದೇ ಬ್ಯಾಡ, ಸರ್ಟಿಫಿಕೇಟ್ ಮನಿಗೆ ಬರ್ತೈತಿ ಅಂತ ಹೇಳೂ ಏಜೆಂಟರು ಬಸ್ ಸ್ಟ್ಯಾಂಡಿನಾಗ ಪಾಂಪ್ಲೆಟ್ ಹಂಚ್ತಿರ್ತಾರ, ಅಂಥಾ ಸರ್ಟಿಫಿಕೇಟು ದಾಖಲೆ ಪರಿಶೀಲನೆ ದಿನ ನಿಮ್ಮ ಮಾರಿ ಮ್ಯಾಲ ಬೀಳ್ತೈತಿ.

ದೂರಶಿಕ್ಷಣ ಕೆಟ್ಟದ್ದಲ್ಲ. ಆದ್ರ ಈ ವಿಷಯದಾಗ ಪ್ರಾಕ್ಟಿಕಲ್ ಬಹಳ, ರೆಗ್ಯುಲರ್ ಹೋಗೂ ಅವಕಾಶ ಇದ್ರ ಅದನ್ನ ಬಿಡಬ್ಯಾಡ್ರಿ.

ಕ್ಲಾಸಿನಾಗ ಏನು ಕಾಡ್ತೈತಿ

ಮೊದಲ ಪೇಪರಿನಾಗ ಎಸ್. ಆರ್. ರಂಗನಾಥನ್ ಬರ್ತಾರ, ಕೊನೀತನಕ ಬಿಡೂದಿಲ್ಲ. ತಮಿಳುನಾಡಿನ ಶಿಯಾಳಿಯವರು, 1892ರ ಆಗಸ್ಟ್ 12ಕ್ಕ ಹುಟ್ಟಿದ್ದು, ಆ ದಿನ ದೇಶದಾಗ ಗ್ರಂಥಪಾಲಕರ ದಿನ ಮಾಡ್ತೀವಿ. ಗಣಿತ ಕಲಿಸ್ತಿದ್ದ ಮನಷ್ಯಾ, 1924ರಾಗ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದ್ರು, ಲಂಡನ್ನಿಗೆ ಹೋಗಿ ಕಲತು ಬಂದ್ರು. 1931ರಾಗ ಐದು ಸೂತ್ರ ಬರದ್ರು, 1933ರಾಗ ಕೋಲನ್ ವರ್ಗೀಕರಣ ಅಂತ ತಮ್ಮದೇ ಪದ್ಧತಿ ಕೊಟ್ರು, 1962ರಾಗ ಬೆಂಗಳೂರಿನಾಗ ಲೈಬ್ರರಿ ವಿದ್ಯೆಯ ತರಬೇತಿ ಕೇಂದ್ರ ಡಿಆರ್‌ಟಿಸಿ ಕಟ್ಟಿದ್ರು, 1972ರಾಗ ಅಲ್ಲೇ ತೀರಿಕೊಂಡ್ರು. ಐದು ಸೂತ್ರ ಇಷ್ಟ: ಪುಸ್ತಕ ಇರೂದು ಬಳಸಾಕ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಟೈಮ್ ಉಳಸ್ರಿ, ಲೈಬ್ರರಿ ಬೆಳಿಯೂ ಜೀವ. ಓದಿದ್ರ ಇದೇನು ಎಲ್ಲಾರಿಗೂ ಗೊತ್ತಿದ್ದದ್ದ ಅನಸ್ತೈತಿ. ಹೌದು, ಆದ್ರ ಯಾವುದರ ಹಳ್ಳಿ ಹೈಸ್ಕೂಲಿಗೆ ಹೋಗಿ ನೋಡ್ರಿ, ಪುಸ್ತಕದ ಕಪಾಟಿಗೆ ಕೀಲಿ, ಕೀಲಿಕೈ ಹೆಡ್‌ಮಾಸ್ತರ ಕಿಸೇದಾಗ, ಪುಸ್ತಕ ಹರದ್ರ ಆಡಿಟ್‌ನಾಗ ಯಾರು ಉತ್ತರ ಕೊಡಬೇಕು ಅಂತ ಅಂಜಿಕಿ. ಮೊದಲನೇ ಸೂತ್ರನೇ ಇನ್ನೂ ಮುಟ್ಟಿಲ್ಲ.

ಅಂದಹಾಗೆ ಈ ಅಂಜಿಕಿಗೆ ಮದ್ದೂ ಐತಿ, ಬಹಳ ಮಂದಿಗೆ ಗೊತ್ತಿಲ್ಲ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮ 2017ರ ಪ್ರಕಾರ ವರ್ಷಕ್ಕ ಕೊಟ್ಟ, ನೋಡಿದ ಪ್ರತಿ 1000 ಪುಸ್ತಕಕ್ಕ 5 ಪುಸ್ತಕ ಹೋದ್ರ ಅದು ಸಹಜ ಅಂತ ಹಿಡೀಬಹುದು, ಮೋಸ ಇಲ್ಲಾ ಅಲಕ್ಷ್ಯ ಇರಬಾರದು ಅಷ್ಟ. 1000 ರೂಪಾಯಿ ಮ್ಯಾಲಿನ ಪುಸ್ತಕ, ಅಪರೂಪದ ಪುಸ್ತಕ ಹೋದ್ರ ಮಾತ್ರ ವಿಚಾರಣೆ ಆಗಲೇಬೇಕು. 20,000 ಪುಸ್ತಕದ ಒಳಗಿನ ಲೈಬ್ರರಿಗೆ ಪ್ರತಿ ವರ್ಷ ಪೂರ್ತಿ ಎಣಿಕೆ, 50,000ತನಕ ಮೂರು ವರ್ಷಕ್ಕೊಮ್ಮೆ, ಅದರ ಮ್ಯಾಲಿದ್ರ ಮೂರು ವರ್ಷದೊಳಗ ಸ್ಯಾಂಪಲ್ ಎಣಿಕೆ. ನಿಮ್ಮ ಸಂಸ್ಥೆಗೆ ರಾಜ್ಯದ ಇಲ್ಲಾ ಆಡಳಿತ ಮಂಡಳಿಯ ಬ್ಯಾರೆ ನಿಯಮ ಇದ್ರ ಅದನ್ನ ಹಿಡೀರಿ, ಇಲ್ಲಾ ಅಂದ್ರ ಇದನ್ನ ಮುಂದಿಟ್ಟು ಲೈಬ್ರರಿ ಕಮಿಟಿಯಾಗ ಠರಾವು ಮಾಡಿಸ್ಕೊಳ್ರಿ.

ಎಲ್ಲಾರೂ ಅಂಜೂ ಪೇಪರ್ ಕೋಲನ್ ಪ್ರಾಕ್ಟಿಕಲ್. ವಿಷಯಕ್ಕ ಒಂದು ಅಕ್ಷರ, ಜೆ ಅಂದ್ರ ಕೃಷಿ, ಎಲ್ ಅಂದ್ರ ವೈದ್ಯ, ವಿ ಅಂದ್ರ ಇತಿಹಾಸ, ಆಮ್ಯಾಲ ಆ ವಿಷಯ ಬಿಚ್ಚಿ ಐದು ಮುಖ ಹುಡುಕಬೇಕು, ವ್ಯಕ್ತಿತ್ವ, ವಸ್ತು, ಕ್ರಿಯೆ, ಸ್ಥಳ, ಕಾಲ. ಒಂದೊಂದರ ನಡುವ ಕಾಮಾ, ಸೆಮಿಕೋಲನ್, ಕೋಲನ್, ಚುಕ್ಕಿ. ನಮ್ಮ ಕಡೆ ಇದನ್ನ ಬಳಸೂ ಲೈಬ್ರರಿ ಹುಡಿಕಿದ್ರೂ ಸಿಗೂದು ಕಷ್ಟ, ಮತ್ಯಾಕ ಕಲೀಬೇಕು ಅಂತ ಹುಡುಗ್ರು ಗೊಣಗ್ತಾರ. ನನಗನಸೂದು ಕಲೀಬೇಕು. ಬಾಗಲಕೋಟೆ ಜಿಲ್ಲಾದಾಗ 2000ದ ದಶಕದಾಗ ದಾಳಿಂಬರಿ ರೋಗಕ್ಕ ಮದ್ದು ಹೊಡಿಯೂದು ಅಂತ ಒಂದು ಹೆಸರು ಕೊಟ್ರ, ಬೆಳಿ ಯಾವುದು, ರೋಗ ಯಾವುದು, ಮಾಡೂ ಕೆಲಸ ಯಾವುದು, ಎಲ್ಲಿ, ಯಾವಾಗ ಅಂತ ಬಿಡಿಸಿ ನೋಡೂ ರೂಢಿ ಒಮ್ಮೆ ಬಂತು ಅಂದ್ರ ಆನ್‌ಲೈನ್ ಡೇಟಾಬೇಸಿನಾಗ ಹುಡುಕೂದೂ ಅದೇ ರೀತಿ, ಯಾವ ಪದ ಕೂಡಸ್ಬೇಕು ಯಾವ್ದು ಬಿಡ್ಬೇಕು ಅನ್ನೂದು ತಾನೇ ಹೊಳೀತೈತಿ. ಪರೀಕ್ಷಾಕ್ಕ ಮಾತ್ರ ದಾರಿ ಒಂದೇ, ದಿನಾ ನಾಕು ಶೀರ್ಷಿಕೆ ಬಿಡಸ್ರಿ, ಕೊನೇ ವಾರಕ್ಕ ಇಡಬ್ಯಾಡ್ರಿ.

ಕಂಪ್ಯೂಟರ್ ಬಿಟ್ರ ಗತಿಯಿಲ್ಲ

ಕೋಹಾ ಕಲೀರಿ, ಇದು ಲೈಬ್ರರಿ ಕೆಲಸ ನಡಸೂ ಸಾಫ್ಟ್‌ವೇರ್. ನ್ಯೂಜಿಲೆಂಡಿನ ಒಂದು ಊರಿನ ಲೈಬ್ರರಿಗೋಸ್ಕರ ಮಾಡಿಸಿದ್ದು, 2000ದಾಗ ಚಾಲೂ ಆತು, ಪುಕ್ಕಟ, ಓಪನ್ ಸೋರ್ಸ್. ಹಳೇ ಲ್ಯಾಪ್‌ಟಾಪಿಗೆ ಉಬುಂಟು ಇಲ್ಲಾ ಡೆಬಿಯನ್ ಅನ್ನೂ ಪುಕ್ಕಟ ಆಪರೇಟಿಂಗ್ ಸಿಸ್ಟಮ್ ಹಾಕಿ, ಅದರ ಮ್ಯಾಲ ಕೋಹಾ ಇನ್‌ಸ್ಟಾಲ್ ಮಾಡಿ, ನೀವು ಅಂದು ಪಂಚಾಯಿತಿ ಲೈಬ್ರರಿಯಾಗ ಬರ್ಕೊಂಡ ಪುಸ್ತಕನ ಅದಕ್ಕ ಹಾಕಿ ನೋಡ್ರಿ. ಮ್ಯಾಲ ಹೇಳಿದ ಮಾರ್ಕ್ ದಾಖಲೆಯ ಸಾಲಿನ ನಂಬರು, 020 ಐಎಸ್‌ಬಿಎನ್ (ಪುಸ್ತಕದ ಮ್ಯಾಲ ಅಚ್ಚಾಗಿರೂ ಗುರುತಿನ ನಂಬರು), 100 ಲೇಖಕ, 245 ಶೀರ್ಷಿಕೆ, 650 ವಿಷಯ, ಇವು ಬೆರಳ ತುದಿಗೆ ಬರಬೇಕು. ಮೊದಲನೇ ಸಲ ಇನ್‌ಸ್ಟಾಲ್ ಆಗೂಮುಂದ ಎಲ್ಲರ ಸಿಕ್ಕೊಂಡೇ ಸಿಕ್ಕೊಳ್ತೈತಿ, ಯೂಟ್ಯೂಬಿನಾಗ ದಂಡಿಯಾಗಿ ವಿಡಿಯೋ ಅದಾವು. ಇದರ ಜೋಡಿ ಇಂಥಾವೇ ಬ್ಯಾರೆ ಸಾಫ್ಟ್‌ವೇರ್ ಆದ ಇನ್‌ಫ್ಲಿಬ್‌ನೆಟ್ಟಿನ ಸೋಲ್, ಎನ್‌ಐಸಿಯ ಇ-ಗ್ರಂಥಾಲಯ, ಇವನ್ನೂ ಒಮ್ಮೆ ನೋಡಿರ್ರಿ, ಯಾವ ಕಾಲೇಜಿನಾಗ ಯಾವುದು ಇರ್ತೈತೋ ಹೇಳಾಕ ಬರೂದಿಲ್ಲ.

ಕನ್ನಡದ್ದು ಬ್ಯಾರೇನ ತ್ರಾಸು. ಹಳೇ ಲೈಬ್ರರಿಗಳ ಪಟ್ಟಿ ನುಡಿ, ಬರಹ ಅನ್ನೂ ಸಾಫ್ಟ್‌ವೇರಿನ ಹಳೇ ಫಾಂಟಿನಾಗ ಟೈಪ್ ಆಗಿರ್ತಾವು, ಅದನ್ನ ಹಂಗೇ ಕೋಹಾಕ್ಕ ತುರುಕಿದ್ರ ಇಂಗ್ಲಿಷ್ ಅಕ್ಷರದ ಕಸ ಕಾಣಸ್ತೈತಿ. ಯೂನಿಕೋಡಿಗೆ (ಎಲ್ಲಾ ಕಂಪ್ಯೂಟರಿನಾಗೂ ಸರಿ ಕಾಣೂ ಅಕ್ಷರ ಪದ್ಧತಿಗೆ) ಬದಲಿಸಿ, ಆಮ್ಯಾಲ ಒಂದೊಂದು ಸಾಲೂ ಕಣ್ಣಲೆ ನೋಡಿ, ಅರ್ಕಾವತ್ತು ಒತ್ತಕ್ಷರ ಕೆಟ್ಟಿದ್ದು ತಿದ್ದಬೇಕು. ಯಾರೂ ಮಾಡಾಕ ಇಷ್ಟಪಡದ ಕೆಲಸ, ಅದಕ್ಕೇ ಕನ್ನಡ ಯೂನಿಕೋಡ್ ಟೈಪಿಂಗ್ ಪಕ್ಕಾ ಬರೂ ಹುಡುಗ ಹುಡುಗಿಗೆ ಬೇಡಿಕಿ ಐತಿ.

ಕಾಲೇಜಿನಾಗ ಇನ್ನೂ ಒಂದಿಷ್ಟು ಬರ್ತೈತಿ. ಹುಡುಗ್ರಿಗೆ ಎನ್-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನ್ ಪುಸ್ತಕ, ಜರ್ನಲ್ ಕೊಡೂ ಯೋಜನೆ) ಲಾಗಿನ್ ಮಾಡಿಕೊಡೂದು, ಪಿಎಚ್‌ಡಿ ಮಾಡೋರಿಗೆ ಶೋಧಗಂಗಾ (ದೇಶದ ಥೀಸಿಸ್‌ಗಳ ಆನ್‌ಲೈನ್ ಭಂಡಾರ) ತೋರಸೂದು, ಥೀಸಿಸ್ ಕದ್ದು ಬರದಾರೋ ಅಂತ ಸಾಫ್ಟ್‌ವೇರಿನಾಗ ನೋಡೂದು. ಯುಜಿಸಿ 2018ರ ನಿಯಮದಾಗ 10 ಪರ್ಸೆಂಟ್‌ತನಕ ಹೋಲಿಕೆ ಇದ್ರ ದಂಡ ಇಲ್ಲ, ಅದರ ಮ್ಯಾಲ ಹೋದ್ರ ಹಂತ ಹಂತವಾಗಿ ಶಿಕ್ಷೆ ಐತಿ. ರಿಪೋರ್ಟ್ ತೆಗಿಯೋರು ನೀವು, ಹಂಗಾಗಿ ಸರ್ ಸ್ವಲ್ಪ ನೋಡ್ರಿ ಅಂತ ಕೇಳ್ಕೊಂಡು ಬರೋರೂ ಇರ್ತಾರ. ಅಲ್ಲಿ ಸ್ವಲ್ಪ ಕಲ್ಲಮನಸು ಬೇಕು.

ನೌಕರಿ

ಸರ್ಕಾರಿ, ಅನುದಾನಿತ ಡಿಗ್ರಿ ಕಾಲೇಜು, ವಿಶ್ವವಿದ್ಯಾಲಯಕ್ಕ ಹೋಗ್ಬೇಕು ಅಂದ್ರ ಎಂ.ಲಿಬ್‌ನಾಗ 55 ಪರ್ಸೆಂಟ್, ಅದರ ಜೋಡಿ ನೆಟ್ (ಇಡೀ ದೇಶದ ಅರ್ಹತಾ ಪರೀಕ್ಷೆ) ಇಲ್ಲಾ ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ), ಮೀಸಲಾತಿ ಇದ್ದವರಿಗೆ ಮಾರ್ಕ್ಸಿನಾಗ ಸಡಿಲಿಕೆ ಐತಿ. ಯುಜಿಸಿ ಶ್ರೇಣಿಯಾಗ ಶುರುವಿನ ಮೂಲ ವೇತನ 57,700. ನೆಟ್‌ನಾಗ ನಮ್ಮ ವಿಷಯದ ಕೋಡ್ 59, ಮೊದಲ ಪೇಪರ್ 50 ಪ್ರಶ್ನೆ, ಎರಡನೇದು 100 ಪ್ರಶ್ನೆ, ಮೂರು ತಾಸು, ತಪ್ಪಿಗೆ ಮೈನಸ್ ಇಲ್ಲ, ಹಂಗಾಗಿ ಒಂದೂ ಖಾಲಿ ಬಿಡಬ್ಯಾಡ್ರಿ. ಎಂ.ಲಿಬ್ ಕೊನೇ ವರ್ಷದಾಗ ಇದ್ದಾಗಲೇ ಬರೀಬಹುದು, ಪಾಸಾದ ಮ್ಯಾಲ ನೋಡೂಣು ಅಂತ ಬಿಟ್ಟವರು ನಮ್ಮ ಕಡೆ ಹತ್ತ್ಹತ್ತು ವರ್ಷ ಬರ್ಕೋತ ಕುಂತಾರ. ಬರೀ ಬಿ.ಲಿಬ್ ಮ್ಯಾಲ ಕೇಂದ್ರೀಯ ವಿದ್ಯಾಲಯ, ನವೋದಯ, ಸಿಬಿಎಸ್‌ಇ ಶಾಲೆಗಳಿಗೆ ಹಾಕಬಹುದು. ಕೇಂದ್ರೀಯ ವಿದ್ಯಾಲಯದ ಲೈಬ್ರರಿಯನ್‌ಗೆ 44,900 ಮೂಲ ವೇತನ, ಆದ್ರ ಹುದ್ದೆ ಕರಿಯೂದು ಅಪರೂಪ, ಪೈಪೋಟಿ ಇಡೀ ದೇಶದ್ದು.

ಕಾಲೇಜು ಶಾಲೆ ಬಿಟ್ಟು ಬ್ಯಾರೆ ಕಡೆ ನೋಡೋರು ಕಡಿಮಿ, ನೋಡ್ಬೇಕು. ಬೆಳಗಾವಿಯಾಗ ಸಾಂಪ್ರದಾಯಿಕ ವೈದ್ಯದ ಮ್ಯಾಲ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ ಐತಿ, ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಐತಿ, ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯು ಐತಿ, ಬಾಗಲಕೋಟೆಯಾಗ ತೋಟಗಾರಿಕೆ ವಿಶ್ವವಿದ್ಯಾಲಯ ಐತಿ, ಮೂರೂ ಜಿಲ್ಲಾದಾಗ ಮೆಡಿಕಲ್ ಕಾಲೇಜು ಅದಾವು. ಇಂಥಾ ಕಡೆ ಸೈನ್ಸ್ ಡಿಗ್ರಿ ಮಾಡಿ ಲೈಬ್ರರಿ ಸೈನ್ಸಿಗೆ ಬಂದವರಿಗೆ ಒಂದು ಕೈ ಮ್ಯಾಲ. ಹಸ್ತಪ್ರತಿ ಕಡೆ ಒಲವಿದ್ದವರಿಗೆ ವಿಜಯಪುರಕ್ಕಿಂತ ಊರು ಬೇಕೇನ್ರಿ? ಆದಿಲ್‌ಶಾಹಿ ಗ್ರಂಥ ಭಂಡಾರದ್ದು ಅಸರ್ ಮಹಲಿನಾಗ ಉಳದಿದ್ದ ಅರೇಬಿಕ್ ಪರ್ಷಿಯನ್ ಹಸ್ತಪ್ರತಿ 1853ರಾಗ ಲಂಡನ್ನಿಗೆ ಹೋದ್ವು, ಈಗ ಬ್ರಿಟಿಷ್ ಲೈಬ್ರರಿಯಾಗ ಅದಾವು. ಅಲ್ಲಿ ಕ್ಯಾಟಲಾಗ್ ಆಗ್ಯಾವು, ಹಂಗಾಗಿ ಜಗತ್ತಿನವರು ಬಿಜಾಪುರದ ಹೆಸರು ಹಿಡಿದು ಹುಡುಕ್ತಾರ. ನಮ್ಮ ಮಠ ಮನಿಗಳ ಅಟ್ಟದ ಮ್ಯಾಲ ಕಟ್ಟಿಟ್ಟ ಓಲೆಗರಿ ಎಷ್ಟು ಅದಾವು, ಅವಕ್ಕ ಪಟ್ಟಿನೇ ಇಲ್ಲ.

ಖಾಸಗಿ ಕಾಲೇಜಿನ ಬಗ್ಗೆ ಸುತ್ತಿ ಬಳಸಿ ಹೇಳೂದಿಲ್ಲ. ಪಗಾರ ಕಡಿಮಿ, ಕೆಲವು ಕಡೆ ಇನ್‌ಸ್ಪೆಕ್ಷನ್ ಬಂದಾಗ ಅಷ್ಟ ಲೈಬ್ರರಿ ನೆನಪಾಗ್ತೈತಿ, ಉಳದ ದಿನ ನಿಮ್ಮನ್ನ ಪರೀಕ್ಷಾ ಡ್ಯೂಟಿಗೆ, ಅಡ್ಮಿಷನ್ ಪ್ರಚಾರಕ್ಕ ಓಡಿಸ್ತಾರ. ಆದ್ರೂ ಮೊದಲ ಎರಡು ವರ್ಷ ಅನುಭವಕ್ಕ ಅಂತ ಮಾಡಬಹುದು, ಕೋಹಾ ನಿಮ್ಮ ಕೈಯಾಗ ಕೊಡ್ತಾರ ಅಂದ್ರ.

ಸಂದರ್ಶನಕ್ಕ ಹೋದಾಗ ಅವರು ಐದು ಸೂತ್ರ ಕೇಳ್ತಾರ, ಒಂದು ಪುಸ್ತಕ ಕೈಯಾಗ ಕೊಟ್ಟು ನಂಬರ್ ಹಾಕು ಅಂತಾರ, ಪರಿವಿಡಿ ತೆಗದು ನೋಡಿ ಆಮ್ಯಾಲ ಬಾಯಿ ಬಿಡ್ರಿ, ತಡ ಆದ್ರ ಆಗ್ಲಿ. ಅವರು ನಿಮ್ಮದೇನರ ಪ್ರಶ್ನೆ ಐತೇನು ಅಂತ ಕೇಳಿದಾಗ ಇಲ್ರಿ ಸರ್ ಅನ್ನಬ್ಯಾಡ್ರಿ. ಪುಸ್ತಕಕ್ಕ ವರ್ಷಕ್ಕ ಎಷ್ಟು ಬಜೆಟ್ ಐತ್ರಿ, ಡೇಟಾ ಬ್ಯಾಕಪ್ ಯಾರು ತೆಗೀತಾರ್ರಿ, ಕೊನೇ ಸಲ ಪುಸ್ತಕ ಎಣಿಸಿದ್ದು ಯಾವಾಗ್ರಿ, ಈ ಮೂರು ಕೇಳ್ರಿ. ಮೂರನೇದಕ್ಕ ಉತ್ತರ ಬರಲಿಲ್ಲ ಅಂದ್ರ ನೌಕರಿ ಒಪ್ಪಿಕೊಳ್ಳಬಹುದು, ಆದ್ರ ಚಾರ್ಜ್ ತೊಗೊಳ್ಳೂ ಪತ್ರದ ಮ್ಯಾಲ ರಿಜಿಸ್ಟರಿನ ಪ್ರಕಾರ ಇಷ್ಟು, ಕಪಾಟಿನಾಗ ಇಷ್ಟು, ವ್ಯತ್ಯಾಸ ಇಷ್ಟು ಅಂತ ಬರೆಸಿ, ಹಿಂದಿನವರ ಸಹಿ ಪ್ರಿನ್ಸಿಪಾಲರ ಸಹಿ ಎರಡೂ ಹಾಕಿಸ್ಕೊಂಡ ಮ್ಯಾಲೇ ಕೀಲಿಕೈ ಹಿಡೀರಿ.